ಒಂದು ಕಿವಿಯ ನೆಪದಲ್ಲಿ ಹೊಳೆ ಮುಚ್ಚಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

‘ಮಾನ್ಯ’ ಎಂಬ ಪದವನ್ನು ನಮ್ಮ ಊರಿನ ವಾರಪತ್ರಿಕೆಯ ಸಂಪಾದಕರು ಸೇರಿಸಿದ್ದಾರೆ. ನಾನು ಕಳಿಸಿದ ಪ್ರತಿಯಲ್ಲಿ ಅದಿರಲಿಲ್ಲ. ಜಿಲ್ಲೆಯ ಮಕ್ಕಳ ಪಾಲನಾ ಇಲಾಖೆಯ ಕುರ್ಚಿಯಲ್ಲಿ ಕುಳಿತ ನೀವು ಕಳೆದ ಬೇಸಿಗೆಯಲ್ಲಿ ಒಂದೇ ಸಹಿಯಿಂದ ನಮ್ಮ ಶನಿವಾರದ ಮೀನುಗಾರಿಕೆಯನ್ನು ನಿಲ್ಲಿಸಿದಿರಿ. ಇಬ್ಬರು ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಒಂದೇ ಒಂದು ಜಾಗವನ್ನೂ ಅದೇ ಸಹಿಯಿಂದ ಮುಚ್ಚಿದಿರಿ. ಅದಕ್ಕೆ ನೀವು ಕೊಟ್ಟ ಕಾರಣ ನನ್ನ ಎಡಗಿವಿ. ಕಿವಿ ನನ್ನದಾದ್ದರಿಂದ ಅದರ ಪರವಾಗಿ ಮಾತಾಡುವ ಹಕ್ಕೂ ನನ್ನದೇ ಎಂದುಕೊಂಡು ಬರೆಯುತ್ತಿದ್ದೇನೆ. ಇದಕ್ಕೂ ಮೊದಲು ನಿಮಗೆ ಖಾಸಗಿಯಾಗಿ ಬರೆದಿದ್ದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ನಿಮ್ಮ ಕಚೇರಿಯ ಯಂತ್ರ ಉತ್ತರಿಸಿತು. ಅಮೂಲ್ಯವಾದದ್ದನ್ನೆಲ್ಲ ನೀವು ಎಲ್ಲಿಗೆ ಎಸೆಯುತ್ತೀರಿ ಎಂಬುದು ಈಗ ಗೊತ್ತಾಗಿದೆ.

ನೀವು ಮೊಂಟಾನಾಕ್ಕೆ ಬಂದು ಬಹಳ ವರ್ಷವಾಯಿತು, ನಿಜ. ಆದರೆ ಹೊಳೆಯ ದಂಡೆಯಲ್ಲಿ ನಿಮ್ಮನ್ನು ಕಂಡವರು ಯಾರೂ ಇಲ್ಲವಾದ್ದರಿಂದ, ನೀವು ನಿಲ್ಲಿಸಿದ್ದು ಏನನ್ನು ಎಂದು ಮೊದಲು ಹೇಳಿಬಿಡುತ್ತೇನೆ. ಗರಿ ಮತ್ತು ಜಿಂಕೆಯ ಕೂದಲನ್ನು ಸಣ್ಣ ಕೊಕ್ಕೆಗೆ ಸುತ್ತಿ ನೊಣದಂತೆ ಕಾಣುವ ಒಂದು ಹುಸಿನೊಣ ಮಾಡುತ್ತೇವೆ. ಉದ್ದನೆಯ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಅದು ನೀರಿನ ಮೇಲೆ ತಾನಾಗಿ ಬಂದು ಕೂತಂತೆ ಇಳಿಸುತ್ತೇವೆ. ಟ್ರೌಟ್ ಮೀನು ಮೋಸಹೋದರೆ ಹಿಡಿಯುತ್ತೇವೆ, ಒಂದು ಗಳಿಗೆ ನೋಡುತ್ತೇವೆ, ಬಿಟ್ಟುಬಿಡುತ್ತೇವೆ. ಹೆತ್ತವರ ಜೊತೆ ಇರಲಾಗದೆ, ನಿಮ್ಮ ಇಲಾಖೆ ಗೊತ್ತುಮಾಡಿದ ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳು ಶನಿವಾರ ಬರುತ್ತಿದ್ದರು. ನಾವು ಕೆಲವರು ಊರಿನ ದೊಡ್ಡವರು ಅವರ ಜೊತೆ ನಿಲ್ಲುತ್ತಿದ್ದೆವು. ಮಗುವಿಗೆ ಯಾವ ದೊಡ್ಡವರು ಜೊತೆಯಾದರೋ ಅವರೇ ಎಲ್ಲ ಶನಿವಾರವೂ ಬರಬೇಕು ಎಂಬುದೊಂದೇ ನಮ್ಮ ಕಟ್ಟಳೆ. ಮೀನು ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಮುಖ ಮಾತ್ರ ಬದಲಾಗಬಾರದು. ವರ್ಷಕ್ಕೆ ಮೂರು ಮನೆ ಬದಲಾಯಿಸುವ ಮಕ್ಕಳಿಗೆ ಇದು ಎಷ್ಟು ದೊಡ್ಡದೆಂದು ನಿಮಗೆ ವಿವರಿಸಬೇಕೆ? ವಿವರಿಸಬೇಕಾಗುತ್ತದೆ ಎಂಬುದೇ ನನ್ನ ದೂರು.

ನನ್ನ ಜೊತೆಗಿದ್ದವರು ಟ್ಯಾನ್ಸಿ ಮತ್ತು ಒಡೆಸ್ಸಾ. ಕಾನೂನಿಗೆ ತಲೆಬಾಗಿ ಹೆಸರುಗಳನ್ನು ಬದಲಾಯಿಸಿದ್ದೇನೆ. ಅಕ್ಕನಿಗೆ ಹದಿನಾಲ್ಕು, ತಂಗಿಗೆ ಎಂಟು. ಅವರ ತಾಯಿಯ ಕಥೆ ನಿಮ್ಮ ಕಡತದಲ್ಲಿದೆ, ಊರಿಗೆಲ್ಲ ಓದಿ ಹೇಳುವಂಥದ್ದಲ್ಲ. ಇಬ್ಬರಿಗೂ ಒಂದೇ ಮನೆಯಲ್ಲಿ ಜಾಗ ಸಿಗಲಿಲ್ಲವೆಂದು ನೀವು ಒಬ್ಬಳನ್ನು ಜಿಲ್ಲೆಯ ಈ ತುದಿಗೂ ಇನ್ನೊಬ್ಬಳನ್ನು ಆ ತುದಿಗೂ ಕಳಿಸಿದ್ದಿರಿ. ತಿಂಗಳಿಗೊಮ್ಮೆ ನಿಮ್ಮ ಕಚೇರಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಭೇಟಿ ಎಂದಿತ್ತು. ಒಮ್ಮೆ ಡ್ರೈವರ್ ಇರುತ್ತಿರಲಿಲ್ಲ, ಇನ್ನೊಮ್ಮೆ ಕೋಣೆಯೇ ಖಾಲಿ ಇರುತ್ತಿರಲಿಲ್ಲ. ಹೊಳೆ ಮಾತ್ರ ಯಾವ ಶನಿವಾರವೂ ರಜೆ ಹಾಕಲಿಲ್ಲ.

ಮೊದಲ ದಿನ ಒಡೆಸ್ಸಾ ಮಂಡಿಯುದ್ದ ನೀರಿನಲ್ಲಿ ನಿಂತು ಅಕ್ಕನನ್ನು ಕೇಳಿದಳು:

“ಮೀನಿಗೆ ನೋವಾಗಲ್ವಾ?”

“ಸ್ವಲ್ಪ ಆಗತ್ತೆ ಕಣೇ. ಆಮೇಲೆ ಬಿಟ್ಟುಬಿಡ್ತೀವಲ್ಲ.”

“ಎಲ್ಲಿಗೆ?”

“ಅದರ ಮನೆಗೆ.”

“ಅದೇ ಮನೆಗಾ, ಬೇರೆ ಮನೆಗಾ?”

ಟ್ಯಾನ್ಸಿ ನನ್ನ ಮುಖ ನೋಡಿದಳು. “ಅದೇ ಮನೆಗೆ ಪುಟ್ಟಿ, ಹಿಡಿದ ಕಡೆಯೇ ಬಿಡೋದು” ಎಂದೆ ನಾನು. ನಿರ್ದೇಶಕರೇ, ಮೀನುಗಳ ವಿಷಯದಲ್ಲಿ ನಾವು ಎಷ್ಟು ಉದಾರಿಗಳು ನೋಡಿ.

ಟ್ಯಾನ್ಸಿಯ ನಾಲಿಗೆ ಹರಿತ. ನಾನು ಆಯುಷ್ಯವೆಲ್ಲ ಊರಿನವರ ಕೂದಲು ಕತ್ತರಿಸಿದವಳು, ಗರಿ ಸುತ್ತುವುದರಲ್ಲಿ ಪರವಾಗಿಲ್ಲ. ಆದರೆ ಕೋಲು ಬೀಸುವುದರಲ್ಲಿ ನನ್ನದು ಅಷ್ಟಕ್ಕಷ್ಟೆ. “ಮಿಸ್, ನೀವು ಮೀನು ಹಿಡೀತಿದ್ದೀರೋ ಕಂಬಳಿ ಒಗೀತಿದ್ದೀರೋ?” ಎನ್ನುತ್ತಿದ್ದಳು. ಜೂನ್ ಬರುವಷ್ಟರಲ್ಲಿ ಅವಳೇ ತಂಗಿಗೆ ಕಲಿಸಲು ನಿಂತಳು, ನಾನು ಬುತ್ತಿ ಹೊರುವ ಕೆಲಸಕ್ಕೆ ಇಳಿದೆ. ತಂಗಿಯ ಜಡೆ ಹೆಣೆಯುವುದಕ್ಕೆಂದೇ ಅವಳು ಬೇಗ ಬಂದು ಕಾಯುತ್ತಿದ್ದಳು. ಜಡೆ ಹೆಣೆಯುತ್ತಾ ಇಬ್ಬರೂ ಆ ವಾರದ್ದನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ನಾನು ಕೇಳಿಸಿಕೊಳ್ಳದವಳಂತೆ ದಾರದ ಗಂಟು ಬಿಡಿಸುತ್ತಾ ಕೂರುತ್ತಿದ್ದೆ.

ಇನ್ನು ಆ ‘ಘಟನೆ’. ಒಡೆಸ್ಸಾ ದಾರವನ್ನು ಹಿಂದಕ್ಕೆ ಬೀಸಿದಳು, ನಾನು ಇರಬಾರದ ಕಡೆ ನಿಂತಿದ್ದೆ, ಹುಸಿನೊಣ ನನ್ನ ಕಿವಿಯ ಹಾಲೆಗೆ ಚುಚ್ಚಿಕೊಂಡಿತು. ಮಕ್ಕಳ ಕೊಕ್ಕೆಗಳಲ್ಲಿ, ಚುಚ್ಚಿದ ಮೇಲೆ ಹಿಂದೆ ಬರಲು ಬಿಡದ ಒಳಮುಳ್ಳನ್ನು ನಾವು ಮೊದಲೇ ಇಕ್ಕಳದಿಂದ ಚಪ್ಪಟೆ ಮಾಡಿರುತ್ತೇವೆ. ಹಾಗಾಗಿ ಓಲೆ ತೆಗೆದಂತೆ ಸಲೀಸಾಗಿ ಬಂತು. ಒಂದು ಹನಿ ರಕ್ತ.

“ಮಿಸ್, ಓಲೆ ಚೆನ್ನಾಗೊಪ್ಪುತ್ತೆ, ಇನ್ನೊಂದು ಕಿವಿಗೂ ಹಾಕಿಸ್ಕೊಳ್ಳಿ!” ಎಂದು ಟ್ಯಾನ್ಸಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ತಿರುಗಿ ನೋಡಿದರೆ ಒಡೆಸ್ಸಾ ಇಲ್ಲ. ಕೋಲನ್ನು ದಂಡೆಯ ಮೇಲೆ ನೀಟಾಗಿ ಮಲಗಿಸಿ, ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೂ ಎಳೆದುಕೊಂಡು, ತನ್ನ ಚೀಲ ಮಡಿಲಲ್ಲಿಟ್ಟುಕೊಂಡು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು.

“ಯಾಕೆ ಪುಟ್ಟಿ, ಚಳಿನಾ?”

“ಇಲ್ಲ. ಹೋಗ್ಬೇಕಲ್ಲ.”

“ಎಲ್ಲಿಗೆ?”

“ಗೊತ್ತಿಲ್ಲ. ಅವರು ಬಂದು ಹೇಳ್ತಾರೆ.”

ಹಿಂದಿನ ಒಂದು ಸಾಕುಮನೆಯಲ್ಲಿ ಅವಳ ಕೈಯಿಂದ ಗಾಜಿನ ಬಟ್ಟಲು ಬಿದ್ದು ಒಡೆದಿತ್ತಂತೆ, ಅದೇ ವಾರ ಅವಳನ್ನು ಬೇರೆ ಮನೆಗೆ ಕಳಿಸಿದ್ದರಂತೆ. ಎರಡಕ್ಕೂ ಸಂಬಂಧವಿತ್ತೋ ಇಲ್ಲವೋ, ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಆ ಸೀಟಿನಲ್ಲೇ ಅವಳ ಪಕ್ಕ ಕುಳಿತೆ. “ಕಿವಿ ಚುಚ್ಚಿದ್ದಕ್ಕೆಲ್ಲ ಯಾರೂ ಯಾರನ್ನೂ ಎಲ್ಲಿಗೂ ಕಳಿಸಲ್ಲ. ಮುಂದಿನ ಶನಿವಾರ ನೀನು, ನಾನು, ನಿಮ್ಮಕ್ಕ ಇಲ್ಲೇ ಇರ್ತೀವಿ” ಎಂದೆ.

“ಆಣೆ?”

“ಆಣೆ.”

ಬಹಳ ಹೊತ್ತಿನ ಮೇಲೆ ಇಳಿದು ಬಂದಳು. ಆ ಮಧ್ಯಾಹ್ನವೇ ಅವಳಿಗೆ ಮೊದಲ ಮೀನು ಸಿಕ್ಕಿತು. ಅಂಗೈಯಲ್ಲಿ ಹಿಡಿದು, ನನ್ನ ಕ್ಯಾಮೆರಾಕ್ಕೆ ತೋರಿಸಿ, ನೀರಿಗೆ ಬಿಟ್ಟಳು.

ನಿಯಮದ ಪ್ರಕಾರ ನಾನು ಆ ಚುಚ್ಚಿದ ವಿಷಯವನ್ನು ನಿಮ್ಮ ಕಚೇರಿಗೆ ಎರಡು ಸಾಲಿನಲ್ಲಿ ತಿಳಿಸಿದೆ. ಆ ಎರಡು ಸಾಲು ನಿಮ್ಮ ಮೇಜಿಗೆ ಬರುವಷ್ಟರಲ್ಲಿ ‘ಗಂಭೀರ ದೈಹಿಕ ಹಾನಿ’ಯಾಗಿ ಬೆಳೆದಿತ್ತು. ಶಹಬ್ಬಾಸ್! ಪ್ರತಿ ಶರತ್ಕಾಲದಲ್ಲೂ ನಮ್ಮ ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿ ಯಾರದಾದರೂ ಮೂಳೆ ಮುರಿಯುತ್ತದೆ, ನೀವು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೀರಿ. ಆ ಮಕ್ಕಳಿಗೆ ಅಪ್ಪಅಮ್ಮ ಇದ್ದಾರೆ, ಹಾಗಾಗಿ ಅವರ ಮೂಳೆ ಮುರಿದರೆ ಅದು ಆಟ. ಅಪ್ಪಅಮ್ಮ ಇಲ್ಲದ ಮಗುವಿನ ಕೊಕ್ಕೆ ಮುದುಕಿಯೊಬ್ಬಳ ಕಿವಿಗೆ ತಾಗಿದರೆ ಅದು ಅಪಾಯ. ನಿಜ ಹೇಳಿ, ನೀವು ಹೆದರಿದ್ದು ಮಗುವಿಗೆ ಏನಾದೀತೆಂದೋ, ನಿಮ್ಮ ಕುರ್ಚಿಗೆ ಏನಾದೀತೆಂದೋ? ಹೊಳೆಗೆ ಬದಲಾಗಿ ನಿಮ್ಮ ಕಚೇರಿಯ ಹಜಾರದಲ್ಲಿ ಮಕ್ಕಳು ಪರದೆಯ ಮೇಲೆ ಮೀನು ಹಿಡಿಯುವ ಆಟ ಆಡಬಹುದೆಂದೂ ಅಪ್ಪಣೆ ಕೊಡಿಸಿದಿರಿ. ಇಂಥ ಯೋಚನೆ ಹೊಳೆಯಬೇಕಾದರೂ ಒಂದು ಯೋಗ್ಯತೆ ಬೇಕು. ಅದು ನಿಮಗೆ ಧಾರಾಳವಾಗಿದೆ.

ಮುಂದಿನ ಶನಿವಾರ ಒಡೆಸ್ಸಾ ಬರಲಿಲ್ಲ, ಬರಲು ನೀವು ಬಿಡಲಿಲ್ಲ. ಅವಳ ಸಾಕುತಾಯಿ ರೊವೀನಾ (ಈ ಹೆಸರೂ ಬದಲಿಸಿದ್ದೇ) ಎರಡು ದಿನ ಬಿಟ್ಟು ಫೋನ್ ಮಾಡಿದಳು. “ಮಾರ್ಲಿಸ್, ಏನ್ ಮಾಡ್ಲಿ ಹೇಳು. ಮನೇಲಿರೋ ಚೂಪಾದ್ದನ್ನೆಲ್ಲ ಹೊತ್ಕೊಂಡು ಹೋಗಿ ಜಗುಲಿ ಮೇಲೆ ಇಟ್ಟಿದ್ದಾಳೆ. ಫೋರ್ಕು, ಕತ್ತರಿ, ಪೆನ್ಸಿಲೂ ಬಿಟ್ಟಿಲ್ಲ. ಮಾಂಸದ ತುಂಡನ್ನ ಚಮಚದಲ್ಲಿ ಕುಕ್ಕಿಕೊಂಡು ತಿಂತಾಳೆ.” ನಾನು ಮಾಡಿದ ಆಣೆಯನ್ನು ನಿಮ್ಮ ಸಹಿ ಸುಳ್ಳು ಮಾಡಿತು. ಮಗುವಿನ ಲೆಕ್ಕವೇ ಸರಿಯಾಯಿತು: ಏನಾದರೂ ತಪ್ಪಾದರೆ ಕಳಿಸಿಬಿಡುತ್ತಾರೆ.

ಟ್ಯಾನ್ಸಿಗಂತೂ ಯಾರೂ ವಿಷಯವನ್ನೇ ಹೇಳಿರಲಿಲ್ಲ. ಆ ಶನಿವಾರ ಕರೆದೊಯ್ಯುವ ವ್ಯಾನು ಬರಲಿಲ್ಲ ಎಂದು ಹೆದ್ದಾರಿಯ ಅಂಚಿನಲ್ಲಿ ನಡೆದುಕೊಂಡೇ ಹೊಳೆಗೆ ಬಂದಳಂತೆ. ಪೊಲೀಸಿನವನೊಬ್ಬ ಸಂಜೆ ಅವಳನ್ನು ದಂಡೆಯ ಮೇಲೆ ಕಂಡ. ಒಬ್ಬಳೇ ಕುಳಿತಿದ್ದಳು, ಜಡೆಗೆ ಕಟ್ಟುವ ರಬ್ಬರ್ ಬ್ಯಾಂಡುಗಳು ಅವಳ ಮಣಿಕಟ್ಟಿನಲ್ಲಿದ್ದವು. ನಿಮ್ಮ ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ಪರಾರಿ’ ಎನ್ನುತ್ತಾರೆ. ಪರಾರಿಯಾದ ಹುಡುಗಿಯನ್ನು ಸಾಕುಮನೆಯಲ್ಲಿ ಇಡುವಂತಿಲ್ಲವಂತೆ. ಅವಳ ಬಟ್ಟೆಬರೆಯನ್ನು ಕಸದ ಕಪ್ಪು ಚೀಲಕ್ಕೆ ತುಂಬಿ ಪರ್ವತದ ಆಚೆ, ಇಂಥ ಮಕ್ಕಳನ್ನು ಕಾವಲಿನಲ್ಲಿಡುವ ವಸತಿಗೃಹಕ್ಕೆ ರವಾನಿಸಿದಿರಿ. ತಂಗಿಯನ್ನು ನೋಡಲು ನಡೆದದ್ದಕ್ಕೆ ತಂಗಿಯಿಂದ ಇನ್ನೂ ದೂರ! ಇದನ್ನು ಯೋಚಿಸಿ ಮಾಡಿದಿರೋ, ಅಥವಾ ಯೋಚಿಸುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಿದ್ದೀರೋ?

ಸಾರ್ವಜನಿಕ ಸಭೆಯಲ್ಲಿ ನಿಮ್ಮನ್ನು ಮುಖಾಮುಖಿ ಕೇಳಿದೆ, ನೆನಪಿರಬಹುದು. ನೀವು ಫೋನಿನಿಂದ ತಲೆಯೆತ್ತದೆ, “ಮಕ್ಕಳ ಸುರಕ್ಷತೆ ವಿಷಯದಲ್ಲಿ ನಾವು ರಾಜಿ ಮಾಡ್ಕೊಳ್ಳಲ್ಲ ಮೇಡಂ” ಎಂದಿರಿ.

“ಯಾವ ಮಕ್ಕಳು? ನಾನು ಹೇಳ್ತಿರೋ ಮಗು ಹೆಸರೇನು, ನೀವೇ ನನ್ನ ಕಿವೀಲಿ ಹೇಳಿ ನೋಡೋಣ.”

“ಅದು ಗೌಪ್ಯ ಮಾಹಿತಿ.”

“ಗೊತ್ತಿಲ್ಲ ಅನ್ನೋದಕ್ಕೆ ನಿಮ್ಮಲ್ಲಿ ಗೌಪ್ಯ ಅಂತಾರಾ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನನ್ನ ಮೈಕು ಸತ್ತುಹೋಯಿತು. ಅಷ್ಟು ಹೊತ್ತೂ ನಿಮ್ಮ ಬೆನ್ನ ಹಿಂದಿನ ಗೋಡೆಯಲ್ಲಿ ಇಲಾಖೆಯ ದೊಡ್ಡ ಚಿತ್ರಪಟ ತೂಗುತ್ತಿತ್ತು. ‘ಪ್ರತಿ ಮಗುವೂ ಅರಳಲಿ’ ಎಂಬ ಬರಹ, ಅದರ ಕೆಳಗೆ ಒಂದು ಟ್ರೌಟ್ ಹಿಡಿದ ಎರಡು ಪುಟ್ಟ ಕೈಗಳು. ಅವು ಒಡೆಸ್ಸಾಳ ಕೈಗಳು. ಆ ಚಿತ್ರ ತೆಗೆದವಳು ನಾನು, ಆ ಎರಡು ಸಾಲಿನ ಜೊತೆ ನಿಮ್ಮ ಕಚೇರಿಗೆ ಕಳಿಸಿದವಳೂ ನಾನೇ. ಕೈಗಳು ನಿಮ್ಮ ಗೋಡೆಗೆ ಬೇಕಾಗಿದ್ದವು, ಮಗು ಬೇಕಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ, ನಿಮ್ಮ ಕಚೇರಿಯ ಬೆನ್ನುಬಿದ್ದು ಒಂದು ಭೇಟಿಗೆ ಒಪ್ಪಿಗೆ ಪಡೆದ ರೊವೀನಾ ತನ್ನ ಕಾರಿನಲ್ಲೇ ಹೊರಟಳು. ನಾನು ಮುಂದಿನ ಸೀಟಿನಲ್ಲಿ, ಒಡೆಸ್ಸಾ ಹಿಂದೆ. ವಸತಿಗೃಹದ ಭೇಟಿಯ ಕೋಣೆ ತುಂಬಿತ್ತು, ನಮ್ಮನ್ನು ವಾಹನ ನಿಲ್ಲಿಸುವ ಅಂಗಳಕ್ಕೆ ಕಳಿಸಿದರು. ಟ್ಯಾನ್ಸಿ ಬಂದಳು. ಕೂದಲನ್ನು ತಾನೇ ಕುರುಚಲಾಗಿ ಕತ್ತರಿಸಿಕೊಂಡಿದ್ದಳು. ತಂಗಿಯನ್ನು ಅಪ್ಪಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ನಾನು ತಂದಿದ್ದ ಕೋಲು ನೋಡಿ ಕಣ್ಣರಳಿಸಿದಳು. ದಾರದ ತುದಿಗೆ ಕೊಕ್ಕೆಯ ಬದಲು ಕೆಂಪು ಉಣ್ಣೆಯ ಚೂರು ಕಟ್ಟಿದ್ದೆ. ಒಡೆಸ್ಸಾ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಕೊಕ್ಕೆ ಇಲ್ಲ ಕಣೇ, ಮುಟ್ಟಿ ನೋಡು. ಬರೀ ಉಣ್ಣೆ.”

“ಬೇಡ. ನನ್ನಿಂದಾನೇ ನಿನ್ನ ಇಲ್ಲಿಗೆ ಕಳಿಸಿದ್ದು.”

“ಹುಚ್ಚಿ! ನಾನು ಓಡಿಹೋದೆ ಅಂತ ನನ್ನ ಕಳಿಸಿದ್ದು.”

“ನೀನು ಯಾಕೆ ಓಡಿಹೋದೆ?”

“ನಿನ್ನ ನೋಡೋಕೆ.”

“ಹಂಗಾದ್ರೆ ನನ್ನಿಂದಾನೇ.”

ರೊವೀನಾ ಆಚೆ ತಿರುಗಿ ನಿಂತಳು. ನಾನು ಇಲ್ಲದ ಗಂಟನ್ನು ಬಿಡಿಸತೊಡಗಿದೆ. ಅಕ್ಕ ಬಂದು ತಂಗಿಯ ಹಿಂದೆ ನಿಂತಳು, ಅವಳ ಕೈಗಳನ್ನು ಒಂದೊಂದಾಗಿ ಎಳೆದು ಕೋಲಿನ ಮೇಲಿಟ್ಟಳು, ಅದರ ಮೇಲೆ ತನ್ನ ಕೈ ಇಟ್ಟಳು. ಕೆಂಪು ಉಣ್ಣೆ ಡಾಂಬರಿನ ಮೇಲೆ ಹಾರಿತು. ವಸತಿಗೃಹದ ಕಾವಲಿನವನು ದಡದಡನೆ ನಮ್ಮ ಕಡೆ ಬಂದ. ಇಲ್ಲೂ ಒಂದು ನಿಯಮ ಇದ್ದೀತು ಎಂದುಕೊಂಡೆ. ಅವನು ಒಂದು ಕ್ಷಣ ನಿಂತು ನೋಡಿ, “ಬೀಸೋಕೆ ಜಾಗ ಸಾಲ್ದು, ತಡೀರಿ” ಎಂದು ತನ್ನ ಪಿಕಪ್ ಟ್ರಕ್ಕನ್ನು ಆಚೆ ತೆಗೆದ. ಯಾರ ಸಹಿಯನ್ನೂ ಕೇಳಲಿಲ್ಲ.

ಹೊಳೆಯನ್ನು ಮತ್ತೆ ತೆರೆಯಿರಿ ಎಂದು ಕೇಳುತ್ತೇನೆ, ಅದು ನಿಮ್ಮ ಪೆನ್ನಿನ ಕೆಲಸ. ಟ್ಯಾನ್ಸಿಯನ್ನೂ ತಾನೇ ಸಾಕುತ್ತೇನೆಂದು ರೊವೀನಾ ಕೊಟ್ಟ ಅರ್ಜಿ ನಿಮ್ಮಲ್ಲಿ ‘ಪರಿಶೀಲನೆಯಲ್ಲಿದೆ’. ಅಲ್ಲಿ ಮಂಚ ಹಾಕಿ, ಹೊದಿಕೆ ಹಾಸಿ ಆಗಿದೆ, ಪರಿಶೀಲಿಸುವುದೇನೂ ಉಳಿದಿಲ್ಲ. ಈ ಚಳಿಗಾಲದೊಳಗೆ ಆ ಹುಡುಗಿಯನ್ನು ತಂಗಿಯ ಮನೆಗೆ ಕಳಿಸಿ. ಇವೆರಡನ್ನೂ ನಿಮ್ಮ ಗುಮಾಸ್ತರು ಮಾಡಬಲ್ಲರು. ಮೂರನೆಯದನ್ನು ನೀವೇ ಮಾಡಬೇಕು. ನಿಮ್ಮ ಪ್ರತಿನಿಧಿ ಬೇಡ, ಪತ್ರವೂ ಬೇಡ. ರೊವೀನಾಳ ಅಡುಗೆಮನೆಗೆ ಹೋಗಿ, ಎಂಟು ವರ್ಷದವಳ ಕಣ್ಣು ಸಿಗುವಷ್ಟು ಬಗ್ಗಿ, ‘ನಿನ್ನಿಂದ ಅಲ್ಲ, ನನ್ನಿಂದ’ ಎಂದು ನಿಮ್ಮ ಬಾಯಲ್ಲೇ ಹೇಳಿ. ‘ನೀವು ಯಾಕೆ ಹಾಗೆ ಮಾಡಿದ್ರಿ?’ ಎಂದು ಅವಳು ಖಂಡಿತ ಕೇಳುತ್ತಾಳೆ. ಉತ್ತರ ಹುಡುಕಿಕೊಂಡೇ ಹೋಗಿ.

ಇಂತಿ,
ನಿಮ್ಮ ಕೃಪೆಯಿಂದ ಶನಿವಾರಗಳಂದು ಪೂರ್ತಿ ಬಿಡುವಾಗಿರುವ,
ಮಾರ್ಲಿಸ್ ಟ್ವೈಟ್