ಬಿಡ್ತು ಅನ್ನದೆ ಆಡಿದ ಮಾತು

ಒಡಹುಟ್ಟದೆಯೂ ಅಕ್ಕನಾಗಿದ್ದ ಜಯಕ್ಕನಿಗೆ, ನಿನ್ನ ಗೌರಿಯ ನಮಸ್ಕಾರ.

ಹೆದರಿಕೊಂಡೇ ಬರೆಯುತ್ತಿದ್ದೇನೆ. ಮಧ್ಯಾಹ್ನದ ಊಟವಾಗಿ ಮುದುಕರೆಲ್ಲ ಮಲಗಿದ್ದಾರೆ. ವೃದ್ಧಾಶ್ರಮದ ಹಿಂದೆ, ನಾವಿಬ್ಬರೂ ಬಟ್ಟೆ ಹರವುತ್ತಿದ್ದ ಕಟ್ಟೆಯ ಮೇಲೆ ಕೂತಿದ್ದೇನೆ. ಇಲ್ಲಿ ಆದದ್ದನ್ನು ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಆಶ್ರಮ ನೋಡಿಕೊಳ್ಳುವ ಮೇಡಮ್ಮಿಗೆ ಹೇಳಿದರೆ ನಗುತ್ತಾರೆ. ಮನೆಯಲ್ಲಿ ಹೇಳಿದರೆ ಈ ಆಯಾ ಕೆಲಸ ಬಿಟ್ಟು ಊರಿಗೆ ಬಾ ಅನ್ನುತ್ತಾರೆ. ಆ ಮಾತನ್ನು ನಾನು ಬಾಯಾರೆ ಆಡಿಬಿಟ್ಟೆ ಅಕ್ಕಾ. ದೀಪ ಹಚ್ಚುವ ಹೊತ್ತಿನಲ್ಲಿ. ಬಿಡ್ತು ಅನ್ನದೆ.

ರೋಸಮ್ಮಜ್ಜಿ ಇನ್ನೂ ಕೋಲೂರಿಕೊಂಡು ಓಡಾಡುತ್ತಿದ್ದ ಕಾಲ ನೆನಪಿದೆಯಾ? ಇಟಲಿಯಿಂದ ಹರೆಯದಲ್ಲಿ ನರ್ಸಾಗಿ ಬಂದವರು, ಗೊರೂರು ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಾ ಇಲ್ಲೇ ಮುದುಕಿಯಾಗಿ, ಕೊನೆಗೆ ಹಾಸನದ ಈ ಆಶ್ರಮ ಸೇರಿದವರು. ನಮ್ಮ ಮಾತಿನಲ್ಲಿ ನಮಗಿಂತ ಚೆನ್ನಾಗಿ ಬೈಯುತ್ತಿದ್ದರು. ಅವರ ಕಾಲಿಗೆ ಎಣ್ಣೆ ನೀವುತ್ತಾ ನೀನು, ನಿಮ್ಮೂರ ಭಾಷೆ ನಮಗೂ ಕಲಿಸಿ ಅಂದೆ. ಬರೀ ಹೊತ್ತು ಕಳೆಯಲು ಕೇಳಿದ್ದು. ಅಜ್ಜಿ ಎದ್ದೇ ಕೂತರು. "ಕ್ರಿಯಾಪದ ಕಲೀರಿ ಕಣ್ರೇ. ಅದ್ ಬಂದ್ರೆ ಬಾಸೆ ಬಂದಂಗೆ. ಮಿಕ್ಕಿದ್ದೆಲ್ಲಾ ಒಗ್ಗರಣೆ," ಅಂದರು. ಅರಕಲಗೂಡಿನಲ್ಲಿ ಹತ್ತನೇ ಕ್ಲಾಸು ಓದಿದ್ದ ನೀನು ಬೇಗ ಹಿಡಿದುಬಿಟ್ಟೆ. ಹರದನಹಳ್ಳಿ ಸ್ಕೂಲನ್ನು ಏಳಕ್ಕೇ ಬಿಟ್ಟ ನನಗೆ ಗೊತ್ತಿದ್ದುದು ಒಂದೇ ದಾರಿ, ಮಗ್ಗಿಯ ಹಾಗೆ ಉರು ಹೊಡೆಯುವುದು.

ಒಗೆದ ಹಾಸಿಗೆ ಬಟ್ಟೆ ಮಡಿಸುವಾಗಲೇ ನಮ್ಮ ಪಾಠ. ಆ ಕಡೆಯ ಎರಡು ಮೂಲೆ ನಿನ್ನ ಕೈಯಲ್ಲಿ, ಈ ಕಡೆಯವು ನನ್ನ ಕೈಯಲ್ಲಿ. ಒಂದೊಂದು ಮಡಿಕೆಗೆ ಒಂದೊಂದು ರೂಪ. ನಾನು ಹೋಗುತ್ತೇನೆ ಅನ್ನಲು ವಾದೊ, ನೀನು ಹೋಗುತ್ತೀಯೆ ಅನ್ನಲು ವಾಯ್, ಅವನು ಹೋಗುತ್ತಾನೆ, ವಾ. ಅಲ್ಲಿಯವರೆಗೆ ಸರಿ. ನಾವು ಹೋಗುತ್ತೇವೆ ಅನ್ನುವಷ್ಟರಲ್ಲಿ ಅಂದ್ಯಾಮೊ. ಈ 'ಅಂದ್' ಎಲ್ಲಿಂದ ಬಂತು, ಆ 'ವಾ' ಎಲ್ಲಿ ಹೋಯಿತು ಅಂತ ನಾನು ಬಟ್ಟೆಯನ್ನೇ ಕೈಬಿಡುತ್ತಿದ್ದೆ. ಕೆಲವು ಕ್ರಿಯಾಪದಗಳು ಸಾಲು ಹಿಡಿದು ನಡೆಯುವ ಎತ್ತುಗಳು, ಇವು ಬೇಲಿ ಹಾರುವ ಎಮ್ಮೆಗಳು ಎಂದು ನೀನು ನಗುತ್ತಿದ್ದೆ. ನಿನ್ನೆಗೆ ಒಂದು ವೇಷ, ನಾಳೆಗೆ ಇನ್ನೊಂದು. ಅದೂ ಸಾಲದು ಅಂತ ಭಯ, ಆಸೆ, ಅನುಮಾನ ಇದ್ದರೆ ಬೇರೆಯದೇ ರೂಪ. ಹಾಗಿದೆ ಅನ್ನಲು ಬರೀ 'ಎ' ಸಾಕು. ಹಾಗಿದೆಯೇನೋ ಅಂತ ಭಯ ಅನ್ನಬೇಕಾದರೆ ಅದೇ 'ಸೀಯ' ಆಗುತ್ತದೆ. "ಭಯಕ್ಕೂ ಬ್ಯಾರೆ ಸೀರೆ ಉಡುಸ್ತಾರೆ ನೋಡೇ ಇವ್ರು," ಅಂತ ನೀನು ಅಂದಿದ್ದೆ. ನೀನು ಹೋದಾಗಿನಿಂದ ನಾನು ಉಟ್ಟಿರುವುದು ಅದೇ ಸೀರೆ.

ಅಜ್ಜಿಗೆ ಲಕ್ವ ಹೊಡೆದ ಬೆಳಿಗ್ಗೆ ನಾವಿಬ್ಬರೂ ಅವರ ಮಂಚದ ಪಕ್ಕದಲ್ಲೇ ಇದ್ದೆವು. ಕಣ್ಣು ಬಿಟ್ಟರು, ಆದರೆ ಕನ್ನಡ ಹೋಗಿಬಿಟ್ಟಿತ್ತು. ನೀರು ಅಂದರೆ ತಿಳಿಯದು, ನೋವಾ ಅಂದರೆ ತಿಳಿಯದು. ಸೊಟ್ಟಗಾದ ಬಾಯಿಂದ ಬರುತ್ತಿದ್ದುದೆಲ್ಲ ಅವರ ತಾಯ ಮಾತು. ಮೇಡಂ ಮೊಬೈಲಿನಲ್ಲಿ ಅನುವಾದ ಮಾಡಿಸಲು ನೋಡಿದರು. ಅಜ್ಜಿಯ ತೊದಲು ಮೊಬೈಲಿಗೆ ತಿಳಿಯಲಿಲ್ಲ. ಮೊಬೈಲಿನ ದನಿ ಕೇಳಿ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು. ಬಟ್ಟೆ ಮಡಿಸುವಾಗಿನ ನಮ್ಮ ಆಟವೇ ಅವತ್ತಿನಿಂದ ನಮ್ಮ ಕೆಲಸವಾಯಿತು. ನಾನು ಬೇವಿ ಅಂದರೆ ಅಜ್ಜಿ ಕುಡಿಯುತ್ತಿದ್ದರು, ದೋರ್ಮಿ ಅಂದರೆ ಮಲಗುತ್ತಿದ್ದರು. ನನಗೆ ಬಂದದ್ದು ಅಷ್ಟೇ. ಮಿಕ್ಕದ್ದಕ್ಕೆ ನೀನಿದ್ದೆಯಲ್ಲ.

ಸಂಜೆಯಾದರೆ ಅಜ್ಜಿಯದು ಒಂದೇ ಪ್ರಶ್ನೆ. "ಮುವೊಯೊ?" ನಾನು ಸಾಯ್ತಿದ್ದೀನಾ ಅಂತ. ಅದು ಕಿವಿಗೆ ಬಿದ್ದ ಕೂಡಲೇ ನಾನು ಚೊಂಬು ಹಿಡಿದು ನೀರು ತರುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ನೀನು ಅಲ್ಲೇ ಕೂತು ಏನೋ ಹೇಳುತ್ತಿದ್ದೆ, ಅಜ್ಜಿ ಸಮಾಧಾನವಾಗುತ್ತಿದ್ದರು. ಏನು ಹೇಳುತ್ತಿದ್ದೆ ಜಯಕ್ಕಾ? ಒಂದು ಸಲವಾದರೂ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದರೆ...

ನೀನು ರಜೆ ಹಾಕಿ ಊರಿಗೆ ಹೊರಟ ಸಂಜೆ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಗು ಹೆಗಲಿಗೆ ಹಾಕಿಕೊಂಡವಳು, ಕೊನೆಯ ಬಟ್ಟೆ ಮಡಿಸಿ ಹೋಗುತ್ತೇನೆ ಅಂದೆ. "ಗೌರಿ, ಆ ಕ್ರಿಯಾಪದನೂವೆ ಕಲ್ತುಬುಡೇ. ನಾನ್ ಇಲ್ದಾಗ ಅಜ್ಜಿ ಕೇಳುದ್ರೆ ಏನ್ ಮಾಡೀಯೆ?" ನಾನು ಕಿವಿ ಮುಚ್ಚಿಕೊಂಡೆ. ದೀಪ ಹಚ್ಚುವ ಹೊತ್ತು, ಅಸ್ತು ಅನ್ನುವ ದೇವತೆಗಳು ತಲೆಯ ಮೇಲೆ ಓಡಾಡುವ ಹೊತ್ತು, ಈಗ ಬೇಡ ಅಂತ ಬೇಡಿಕೊಂಡೆ. ನೀನು ನಕ್ಕುಬಿಟ್ಟೆ. "ನಮ್ ಅಸ್ತು ದೇವ್ತೆಗೋಳ್ಗೆ ಇಟಾಲಿಯನ್ ಎಲ್ಲಿಂದ್ ಬತ್ತದೆ ಕಣೇ? ಅವ್ಕೂ ರೋಸಮ್ಮಜ್ಜಿ ಪಾಠ ಮಾಡವ್ರಾ?" ಅಂದವಳು, ಎದೆ ಮುಟ್ಟಿಕೊಂಡು ನಾನು ಸಾಯುತ್ತೇನೆ ಎಂಬಲ್ಲಿಂದ ಶುರು ಮಾಡಿ ಪೂರ್ತಿ ಒಪ್ಪಿಸಿದೆ. ಒಂದೊಂದು ರೂಪಕ್ಕೂ ನಾನು ಬಿಡ್ತು ಅನ್ನು, ಬಿಡ್ತು ಅನ್ನು ಅಂತ ಗೋಗರೆದೆ. ನೀನು ಅನ್ನಲಿಲ್ಲ. ಆಮೇಲೆ ಭೂತಕಾಲಕ್ಕೆ ಬಂದೆ. ಸೊನೊ ಮೊರ್ತಾ, ಅಂದರೆ ನಾನು ಸತ್ತಿದ್ದೇನೆ. "ಈ ಸಾಲ್ ಯೋಳಕ್ಕೆ ದೆವ್ವನೇ ಬರ್‌ಬೇಕು," ಅಂತ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಅರಕಲಗೂಡಿನ ಬಸ್ಸು ಹತ್ತಿದೆ. ಬೆಳಿಗ್ಗೆ ನಿನ್ನ ತಮ್ಮನ ಫೋನು ಬಂತು. ಮಲಗಿದವಳು ಏಳಲೇ ಇಲ್ಲ ಅಂತ.

ನಿನ್ನದು ಹೃದಯದ ತೊಂದರೆ ಅಂದರು ಎಲ್ಲರೂ. ಇರಬಹುದು. ನೀನು ಮಾತ್ರೆ ನುಂಗುತ್ತಿದ್ದುದು ನನಗೂ ಗೊತ್ತು. ಆದರೂ ನನ್ನ ಮನಸ್ಸು ಕೇಳಬೇಕಲ್ಲ? ದೇವರಿಗೆ ಬಾರದ ಭಾಷೆ ಯಾವುದಿದೆ? ಅಜ್ಜಿ ಹೆರಿಗೆ ಮಾಡಿಸುವಾಗ ನಮ್ಮ ಹೆಂಗಸರು ಕನ್ನಡದಲ್ಲಿ ಚೀರಿದ್ದು ಅಜ್ಜಿಯ ಏಸುವಿಗೆ ಕೇಳಿಸಿತಲ್ಲ? ಹಾಗಿದ್ದರೆ ನಮ್ಮ ದೇವತೆಗಳಿಗೆ ಇಟಾಲಿಯನ್ ಯಾಕೆ ಕೇಳಿಸಬಾರದು? ದೆವ್ವವೇ ಬಂದು ಹೇಳಬೇಕು ಅಂದೆಯಲ್ಲ, ಆ ಸಾಲು ಈಗ ನಿನ್ನದಾಯಿತು.

ನೀನಿಲ್ಲದ ಮೇಲೆ ಅಜ್ಜಿ ನನ್ನನ್ನೇ ಕೇಳತೊಡಗಿದರು. ನಾನು ದೋರ್ಮಿ ಅನ್ನುತ್ತಿದ್ದೆ, ಬೇವಿ ಅನ್ನುತ್ತಿದ್ದೆ, ಹೊದಿಕೆ ಸರಿ ಮಾಡುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಕೊನೆಗೆ ಗೋಡೆಯನ್ನು. ಮಲಗುವುದನ್ನು ಬಿಟ್ಟರು, ಗಂಜಿ ಬಿಟ್ಟರು. ರೋಗಕ್ಕಿಂತ ದಿಗಿಲೇ ಇವರನ್ನು ತಿನ್ನುತ್ತಿದೆ, ಯಾರಾದರೂ ಅವರ ಮಾತಿನಲ್ಲಿ ಮಾತಾಡಿಸಿ ಅಂದರು ಡಾಕ್ಟರು. ಯಾರಾದರೂ ಅಂದರೆ ಯಾರು? ನಾನೊಬ್ಬಳೇ ಅಲ್ಲವಾ ಉಳಿದದ್ದು?

ಹೋದ ಶುಕ್ರವಾರ ಸಂಜೆ ನರಸಿಂಹಸ್ವಾಮಿ ಪಟಕ್ಕೆ ದೀಪ ಹಚ್ಚಿ ಒಳಗೆ ಬಂದೆ. ಅಜ್ಜಿ ಮಂಚದ ಸರಳು ಹಿಡಿದು ಅರ್ಧ ಎದ್ದಿದ್ದರು. "ಮುವೊಯೊ?" ನಾನು ದೋರ್ಮಿ ಅಂದೆ. ಅವರು ತಲೆಯಾಡಿಸಿ, "ಒ ಪವೂರಾ," ಅಂದರು. ನನಗೆ ಭಯ ಅಂತ. ಎಷ್ಟು ಸಣ್ಣ ದನಿಯಲ್ಲಿ ಅಂದರು ಗೊತ್ತಾ... ನನಗೇ ತಿಳಿಯದ ಹಾಗೆ ನನ್ನ ಬಾಯಿಂದ, "ಆಂಕಿಯೊ," ಬಂತು. ನನಗೂ. ಅಜ್ಜಿ ಅಲ್ಲಾಡದೆ ನನ್ನನ್ನು ನೋಡಿದರು. ನೀನು ಹೋದ ಮೇಲೆ ಅವರಿಗೆ ಸಿಕ್ಕಿದ ಮೊದಲ ಉತ್ತರ ಅದು. ಆದರೆ ಕೇಳಿದ ಪ್ರಶ್ನೆ ಮುಖದ ಮೇಲೆ ಹಾಗೇ ಇತ್ತು. ಇಲ್ಲ ಅಂದರೆ ಸುಳ್ಳು. ಹೌದು, ನೀನು ಸಾಯುತ್ತೀಯೆ ಅಂತ ಅವರ ಕಡೆ ಬೆರಳು ತೋರಿಸುವುದು ನನ್ನಿಂದ ಆಗುತ್ತದಾ? ಅದಕ್ಕೆ ನನ್ನಿಂದಲೇ ಶುರು ಮಾಡಿದೆ ಅಕ್ಕಾ. ಎದೆಯ ಮೇಲೆ ಕೈಯಿಟ್ಟುಕೊಂಡೆ. ಮುವೊಯೊ, ನಾನು ಸಾಯುತ್ತೇನೆ.

ಬಿಡ್ತು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಅಂದಿದ್ದರೆ ನಾನು ಮಾತ್ರ ಮೈ ಕೊಡವಿಕೊಂಡು, ಆ ಮಾತನ್ನು ಅವರ ಹಾಸಿಗೆಯ ಮೇಲೆ ಬಿಟ್ಟು ಎದ್ದ ಹಾಗಾಗುತ್ತಿತ್ತು. ಅವರ ಕೈ ಹಿಡಿದು ಮುವೊರಿ ಅಂದೆ, ನೀನು. ಮುವೊರೆ ಅಂದೆ, ಅವಳು. ಅಲ್ಲಿಗೆ ನಿಂತೆ. ನೀನು ಹೇಳುವಾಗ ಕಿವಿ ಮುಚ್ಚಿಕೊಂಡಿದ್ದೆನಲ್ಲ, ಮುಂದಿನದು ಬರಲಿಲ್ಲ. ಆಗ ಅಜ್ಜಿ, ಆ ಸೊಟ್ಟ ಬಾಯಲ್ಲೇ, ಪಾಠ ಹೇಳುತ್ತಿದ್ದ ದನಿಯಲ್ಲೇ, "ಮೊರ್ಯಾಮೊ," ಅಂದರು. ನಾವು ಸಾಯುತ್ತೇವೆ. ನೆಟ್ಟಗಿದ್ದ ಕೈಯ ಬೆರಳಿನಿಂದ ಸರಳಿನ ಮೇಲೆ ತಾಳ ಹಾಕಿದರು. ನೀವು, ಮೊರೀತೆ. ಅವರು, ಮುವೊಯೊನೊ. ಕೊನೆಯದನ್ನು ನಾನು ತಪ್ಪಾಗಿ ಹೇಳಿದೆ, ಮತ್ತೆ ಹೇಳಿಸಿದರು. ಇನ್ನೂ ತಪ್ಪಿತು, ಇನ್ನೊಂದು ಸಲ ಹೇಳಿಸಿದರು. ಆಮೇಲೆ "ಫುತೂರೊ" ಅಂತ ಅಪ್ಪಣೆಯಾಯಿತು, ಭವಿಷ್ಯತ್ಕಾಲ ಒಪ್ಪಿಸು ಅಂತ. ಆ ಹೊತ್ತಿಗೆ ಅವರ ಮುಖದಲ್ಲಿ ದಿಗಿಲಿರಲಿಲ್ಲ. ಎದುರಿಗೆ ಪಾಠ ಬಾರದ ಒಬ್ಬ ದಡ್ಡಿ ಇದ್ದಳು, ಅವಳನ್ನು ತಿದ್ದಬೇಕಿತ್ತು, ಅಷ್ಟೇ. ಅರ್ಧಕ್ಕೇ ನನ್ನ ಬೆರಳು ಹಿಡಿದುಕೊಂಡು ನಿದ್ದೆ ಹೋದರು.

ಅಲ್ಲಿಂದ ಅಜ್ಜಿ ಆ ಪ್ರಶ್ನೆ ಕೇಳಿಲ್ಲ. ಗಂಜಿ ಕುಡಿಯುತ್ತಾರೆ, ಸಂಜೆಯಾದರೆ ಪಾಠಕ್ಕೆ ಸನ್ನೆ ಮಾಡುತ್ತಾರೆ. ಅವರ ಭಯ ಇಳಿಯಿತು, ನನ್ನದು ಏರಿತು. ಮೆಟ್ಟಿಲು ಹತ್ತಿ ಎದೆ ಬಡಿದರೆ ಇದೇನಾ ಅನ್ನಿಸುತ್ತದೆ. ಮಲಗುವ ಮುಂಚೆ ಊರಿನಲ್ಲಿರುವ ಮಗಳಿಗೆ ಫೋನು ಮಾಡಿ ಸುಮ್ಮನೆ ದನಿ ಕೇಳುತ್ತೇನೆ. ರಜೆಯ ದಿನ ಹೊಳೆನರಸೀಪುರಕ್ಕೆ ಹೋಗಿ ಸ್ವಾಮಿಯ ಮುಂದೆ ನಿಂತೆ. ತಪ್ಪಾಯಿತು ಅನ್ನಲೂ ಬಾಯಿ ಬರಲಿಲ್ಲ, ಕಾಪಾಡು ಅನ್ನಲೂ ಬರಲಿಲ್ಲ. ತೀರ್ಥ ತೆಗೆದುಕೊಂಡು ಬಂದೆ.

ಅಜ್ಜಿಯದು ಇನ್ನು ಬಹಳ ದಿನವಿಲ್ಲ ಅಂತ ನಿನ್ನೆ ಡಾಕ್ಟರು ಹೇಳಿದರು. ಇಟಲಿಯಿಂದ ಬರುವವರು ಯಾರೂ ಉಳಿದಿಲ್ಲವಂತೆ. ಬಿಳಚಿಕೊಂಡಿದ್ದ ನನ್ನ ಮುಖ ನೋಡಿ ಮೇಡಂ, ಬೇಕಾದರೆ ಬೇರೆ ವಾರ್ಡಿಗೆ ಹಾಕುತ್ತೇನೆ, ನಾಳೆ ಹೇಳು ಅಂದರು. ಹೂಂ ಅಂತಲೇ ಹೇಳುವವಳಿದ್ದೆ, ದೇವರಾಣೆ. ಸಂಜೆ ಅಜ್ಜಿ ಹೊಸದೊಂದು ಎಮ್ಮೆ ಹೊರಡಿಸಿದರು. ಇರು ಎಂಬುದರ ಭವಿಷ್ಯತ್ತು. ಸರೋ, ಸರಾಯ್, ಸರಾ ಅಂತ ನಡೆಯುತ್ತದೆ. ಒಪ್ಪಿಸಿದ ಮೇಲೆ ಒಂದು ವಾಕ್ಯ ಮಾಡು ಅಂತ ಸನ್ನೆ ಮಾಡಿದರು. ನನಗೆ ಬರುವ ಪದಗಳೇ ಎಷ್ಟು? ಹುಡುಕಿ ಹುಡುಕಿ, "ಸರೋ ಕ್ವಿ," ಅಂದೆ. ನಾನು ಇಲ್ಲೇ ಇರುತ್ತೇನೆ. ಅಜ್ಜಿ ಕಣ್ಣು ಮುಚ್ಚಿಕೊಂಡು, ಸರಿಯಾಗಿದೆ ಅನ್ನುವ ಹಾಗೆ ತಲೆಯಾಡಿಸಿದರು.

ಇವತ್ತು ಬೆಳಿಗ್ಗೆ ಮೇಡಮ್ಮಿಗೆ, ವಾರ್ಡು ಬದಲಿಸಬೇಡಿ ಅಂತ ಹೇಳಿ ಬಂದೆ. ಹೇಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಅಜ್ಜಿ ಎದ್ದಿರಬೇಕು, ಕೆಮ್ಮು ಕೇಳಿಸುತ್ತಿದೆ. ಹೋಗುತ್ತೇನೆ ಜಯಕ್ಕಾ. ಎಷ್ಟೇ ಹೆದರಿಕೆಯಾದರೂ, ಅವರ ಕೈ ತಣ್ಣಗಾಗುವವರೆಗೂ ಬಿಡುವುದಿಲ್ಲ.