ಉಳಿದ ಹನ್ನೊಂದು ಇಂಜೆಕ್ಷನ್

ಗುರುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹದಿಮೂರು ದಿನದ ಮೇಲೆ ಇವತ್ತು ಪೆನ್ನು ಹಿಡಿದಿದ್ದೇನೆ. ನೀನು ಹಸಿಬಾಣಂತಿ, ಬರಲಾಗಲಿಲ್ಲವೆಂದು ಕೊರಗಬೇಡ. ಫೋನಿನಲ್ಲಿ "ನಿನ್ನ ಭಾವ ಹೋದ್ರು" ಅಂದೆನೇ ಹೊರತು ಹೇಗೆಂದು ಹೇಳಲು ಬಾಯಿ ಬರಲಿಲ್ಲ.

ಆಪರೇಷನ್ ಮಾಡಿ ಅವರ ಕರುಳಿನ ಗಡ್ಡೆಯನ್ನು ಪೂರ್ತಿ ತೆಗೆದಿದ್ದರು. "ಕ್ಯಾನ್ಸರ್ ಬೇರೆಲ್ಲೂ ಹರಡಿಲ್ಲ. ವಾಚ್ ರಿಪೇರಿ ಮಾಡೋರನ್ನೇ ರಿಪೇರಿ ಮಾಡಿದೀವಿ!" ಎಂದು ಸರ್ಜನ್ ನಕ್ಕಿದ್ದರು. ಮನೆಗೆ ಹೊರಟಾಗ ರಕ್ತ ಹೆಪ್ಪುಗಟ್ಟದಿರಲೆಂದು ಇಪ್ಪತ್ತೆಂಟು ಇಂಜೆಕ್ಷನ್ ಕೊಟ್ಟರು. "ದಿನಕ್ಕೊಂದು, ಒಂದೂ ತಪ್ಪಿಸ್ಬೇಡಿ. ಈ ಕ್ಯಾನ್ಸರು, ಈ ಆಪರೇಷನ್ನು, ಎರಡೂ ಸೇರಿದ್ರೆ ಕಾಲಲ್ಲಿ ರಕ್ತ ಗಟ್ಟಿಯಾಗೋದು ಜಾಸ್ತಿ" ಎಂದು ಅಲ್ಲಿನ ನರ್ಸ್ ಒತ್ತಿ ಹೇಳಿದಳು. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ನಾನೇ ಚುಚ್ಚುತ್ತಿದ್ದೆ. ಮೊದಲ ದಿನ ಅವರಿಗಿಂತ ಮುಂಚೆ ನಾನೇ "ಅಮ್ಮಾ" ಅಂದುಬಿಟ್ಟೆ. ಹೊಲಿಗೆ ನೋಯುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹದಿನೇಳು ದಿನಕ್ಕೆ ಹೊಟ್ಟೆ ತುಂಬ ನೀಲಿ ಕಲೆ. ಮರುದಿನ ಅಂಗಿ ಎತ್ತಲೇ ಇಲ್ಲ. "ಗಾಯ ಮಾಗ್ತು, ಅಂಗಡಿಗೂ ಹೋಗಿ ಬರ್ತಿದೀನಿ. ಇನ್ಯಾಕೆ ಇದು? ಸಾಕು ಬಿಡೇ." ನಾನೂ ಹೂಂ ಅಂದೆ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ.

ಆರು ದಿನದ ಮೇಲೆ ಎಡಗಾಲಿನ ಮೀನಖಂಡ ಊದಿಕೊಂಡಿತು. "ಸ್ಟೂಲ್ ಮೇಲೆ ಕೂತು ಕೂತು ಹಿಡ್ಕೊಂಡಿದೆ" ಅಂದರು. ಮರುದಿನ ಬೆಳಿಗ್ಗೆ ಮುಖ ತೊಳೆಯಲು ಎದ್ದವರು ಬಚ್ಚಲ ಬಾಗಿಲು ಹಿಡಿದು, "ಉಸಿರು ಸಿಗ್ತಿಲ್ಲ ಕಣೇ" ಅಂದರು. ಅಷ್ಟೇ. ಆಂಬುಲೆನ್ಸ್ ಬಂದಾಗ ಕೈ ತಣ್ಣಗಾಗಿತ್ತು.

ಕಾಲಲ್ಲಿ ಕಟ್ಟಿದ್ದ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತಂತೆ. ನನ್ನ ತಲೆಗೆ ಏನೂ ಹೋಗಲಿಲ್ಲ. "ಕ್ಯಾನ್ಸರ್ ಹೋಯ್ತಲ್ಲ ಡಾಕ್ಟ್ರೇ? ಹೋಯ್ತು ಅಂದ್ರಲ್ಲ?" ಎಂದು ಅದನ್ನೇ ಕೇಳುತ್ತಿದ್ದೆ. ಸರ್ಜನ್ ತಲೆ ತಗ್ಗಿಸಿ, "ಹೋಯ್ತಮ್ಮ. ಅದು ಹೋಗಿತ್ತು" ಅಂದರು.

ಹಾಲೂಡಿಸುವವಳು ಅಳುತ್ತಾ ಕೂರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಾಯಿ ಮಗು ಇಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆ ಬೆಳಿಗ್ಗೆ ಅವರು ಮುಖ ತೊಳೆಯಲು ಏಳುವ ಮುಂಚೆ, ಊದಿದ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಎಣ್ಣೆ ಹಚ್ಚಿ ಅರ್ಧ ಗಂಟೆ ತಿಕ್ಕಿದೆ. "ಹಾಯಾಗಿದೆ, ಇನ್ನೂ ಸ್ವಲ್ಪ ಒತ್ತು" ಅಂದರು. ಬಲ ಹಾಕಿ ಒತ್ತಿದೆ. ಅಂಥ ಕಾಲನ್ನು ತಿಕ್ಕಲೇಬಾರದಂತೆ, ನಿನ್ನೆ ತಿಳಿಯಿತು. ಪುಟ್ಟಿ, ನೀನೂ ನರ್ಸ್. ಅಕ್ಕ ಎಂದು ಮರೆಮಾಚಬೇಡ, ನಿಜ ಹೇಳು. ಆ ಹೆಪ್ಪನ್ನು ಮೇಲಕ್ಕೆ ತಳ್ಳಿದ್ದು ನನ್ನ ಕೈಯೇನೇ?