ಬೇಲಿಯ ಹೊರಗೆ ಹಾಲುತುಪ್ಪ

ಬ್ಯಾಡರಹಳ್ಳಿ
೨೦-೭-೨೦೨೫

ಪ್ರೀತಿಯ ತಂಗಿ ಕೀರ್ತನಾ,

ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯಾ? ಇದು ಫೋನಿನಲ್ಲಿ ಹೇಳುವ ಮಾತಲ್ಲ. ಅಮ್ಮ ಪಕ್ಕದಲ್ಲೇ ಮಲಗಿರುತ್ತಾಳೆ. ಸೊಂಟ ಮುರಿದರೂ ಅವಳ ಕಿವಿ ಮಾತ್ರ ಬಲು ಚುರುಕು. ಅಪ್ಪನನ್ನು ನಮ್ಮ ಹೊಲದಲ್ಲಿ ಮಣ್ಣು ಮಾಡಲಿಲ್ಲ ಕಣೇ. ಬಾಣಂತಿ ಎಂದು ನಿನಗೂ ಸುಳ್ಳು ಹೇಳಿದ್ದೆ.

ಕೆಂಗೇರಿ ಆಚೆಯ ಆ ಹೊಲವನ್ನು ಬುಲೆಟ್ ರೈಲಿಗೆ ಕೊಡುವಾಗ ಅಪ್ಪ ಕೇಳಿದ್ದು ಒಂದೇ: ತಾತ, ಅಜ್ಜಿ ಮಲಗಿರುವ ಮೂಲೆ ಬಿಡಿ, ನನಗೂ ಅಲ್ಲೇ ಜಾಗ ಬೇಕು ಎಂದು. ಜಮೀನು ಬರೆಸಿಕೊಳ್ಳಲು ಬಂದಿದ್ದ ಸಾಹೇಬರು ಆಗಲಿ ಎಂದು ತಲೆಯಾಡಿಸಿದರು. ಜಮೀನು ಸರ್ಕಾರದ್ದು, ಬಂಡವಾಳ ಖಾಸಗಿ ಕಂಪನಿಯದ್ದು, ಇಬ್ಬರೂ ಪಾಲುದಾರರು ಎಂದರು. ಅಪ್ಪ ಅದನ್ನು, ಬೆಳೆಯಲ್ಲಿ ಪಾಲು ಮಾತಾಡಿ ಹೊಲ ವಾರಕ್ಕೆ ಕೊಟ್ಟ ಹಾಗೆ ಎಂದುಕೊಂಡರು. ಹೊಲದ ಒಡೆಯ ಒಪ್ಪಿದ ಮೇಲೆ ಉಳುವವನದೇನು ತಕರಾರು ಅಂತ ನಿಶ್ಚಿಂತೆಯಿಂದ ಸಹಿ ಹಾಕಿದರು.

ಟಿಕೆಟಿನಿಂದ ಅಸಲೂ ಹುಟ್ಟುವುದಿಲ್ಲ, ನಷ್ಟವನ್ನು ಸರ್ಕಾರವೇ ತುಂಬಿಕೊಡಲಿ ಎಂದು ಕಂಪನಿ ಪಟ್ಟು ಹಿಡಿಯಿತು. ಸರ್ಕಾರ ಒಪ್ಪಲಿಲ್ಲ. ಕೆಲಸ ನಿಂತಿತು, ಹೊಲದ ಸುತ್ತ ಹಾಕಿದ್ದ ಬೇಲಿ ಉಳಿಯಿತು.

ಅಪ್ಪ ಹೋದ ದಿನ ನಿನ್ನ ಭಾವ ಬೆಳಗಿನಿಂದ ಓಡಾಡಿದರು. ಜಾಗವನ್ನು ಕಂಪನಿಗೆ ವಹಿಸಿದ್ದೇವೆ, ಅವರನ್ನೇ ಕೇಳಿ ಎಂದರು ಕಚೇರಿಯವರು. ನಾವು ಬಿಟ್ಟು ಬಂದಾಯಿತು, ಸರ್ಕಾರವನ್ನು ಕೇಳಿ ಎಂದರು ಕಂಪನಿಯವರು. ಗೇಟಿನ ಕಾವಲುಗಾರ ಕೈಮುಗಿದ, ಬೀಗ ತೆಗೆಯಲಿಲ್ಲ. ಅಪ್ಪ ರಸ್ತೆಯಲ್ಲೇ ಮಲಗಿದ್ದರು. ಸಂಜೆಯಾಯಿತು. ಕೊನೆಗೆ ವಿದ್ಯುತ್ ಚಿತಾಗಾರಕ್ಕೆ ಒಯ್ದೆವು. ನಮ್ಮ ವಂಶದಲ್ಲಿ ಯಾರನ್ನೂ ಸುಟ್ಟಿರಲಿಲ್ಲ. ಅಸ್ಥಿ, ಬೂದಿ ಅಷ್ಟನ್ನೂ ಕಾವೇರಿಗೆ ಬಿಟ್ಟು ಬಂದೆವು.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಅಮ್ಮ ಮಲಗಿದಲ್ಲಿಂದಲೇ ಎಲ್ಲ ಹೇಳಿ ಹೇಳಿ ಕಟ್ಟಿಸಿ ಕಳಿಸಿದಳು. ಬೇಲಿಯ ಹೊರಗೆ ನಿಂತು ಸುರಿದೆವು. ವಾಪಸು ಬಂದಾಗ, ಗುದ್ದಿನ ಮಣ್ಣು ಕುಸಿದಿಲ್ಲ ತಾನೇ ಎಂದು ಕೇಳಿದಳು. ಗಟ್ಟಿಯಾಗಿದೆ ಎಂದೆ. ಅತ್ತೆಯ ಪಕ್ಕದಲ್ಲಿ ಮಲಗಿದರಲ್ಲ, ನನಗಷ್ಟು ಸಾಕು ಎಂದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಯಾರನ್ನು ಬೈಯಲಿ ಹೇಳು? ಬೈಯೋಣವೆಂದರೂ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಓದಿ ಹರಿದುಹಾಕು. ಅಮ್ಮನ ಜೊತೆ ಮಾತಾಡುವಾಗ ದನಿ ನಡುಗದಿರಲಿ.

ನಿನ್ನ ಅಕ್ಕ,
ರಮ್ಯ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಟೀವಿಯಲ್ಲಿ ಸುದ್ದಿ ಬಂತು. ರೈಲಿಗೆ ಹೊಸ ಪಾಲುದಾರರು ಸಿಕ್ಕಿದ್ದಾರಂತೆ, ಅಗೆಯುವ ಕೆಲಸ ಬೇಗ ಶುರುವಂತೆ. ಆಗಿನಿಂದ ಅಮ್ಮನದು ಒಂದೇ ಮಾತು. ಜೆಸಿಬಿ ಬರುವ ಮೊದಲು ಅಪ್ಪನನ್ನು ಎತ್ತಿಕೊಂಡು ಬರಬೇಕಂತೆ. "ಮೂಳೆನಾದ್ರೂ ತಂದ್ಕೊಡೇ ರಮ್ಯ, ನನ್ ಗುದ್ದಲ್ಲೇ ಜೊತೆಗೆ ಹಾಕ್ಸ್ಕೋತೀನಿ" ಎನ್ನುತ್ತಿದ್ದಾಳೆ.